ಪದ್ದುವಿನ ಆಪರೇಷನ್

ವಿಜಯನಗರಕ್ಕೆ ಜಾಗ ತೋರಿಸಿದ್ದು ಒಂದು ಮೊಲ ಎಂಬ ಕತೆಯನ್ನು ನಾವೆಲ್ಲ ಸಣ್ಣ ಕ್ಲಾಸಿನಲ್ಲೇ ಕೇಳಿದ್ದೇವೆ. ಹಕ್ಕ ಬುಕ್ಕರು ತುಂಗಭದ್ರೆಯ ದಡದಲ್ಲಿ ಬೇಟೆಗೆ ಹೋದರು, ನಾಯಿಗಳು ಮೊಲವೊಂದನ್ನು ಅಟ್ಟಿಸಿಕೊಂಡು ಓಡಿದವು, ಒಂದು ಜಾಗಕ್ಕೆ ಬಂದದ್ದೇ ತಡ ಆ ಮೊಲ ಗಕ್ಕನೆ ತಿರುಗಿ ನಾಯಿಗಳನ್ನೇ ಅಟ್ಟಿಸಿತು. ಇದು ಗಂಡುಮೆಟ್ಟಿದ ನೆಲ, ಇಲ್ಲೇ ಪಟ್ಟಣ ಕಟ್ಟಿ ಎಂದರು ವಿದ್ಯಾರಣ್ಯರು. ಕುದುರೆ ವ್ಯಾಪಾರಕ್ಕೆ ಬಂದಿದ್ದ ಪೋರ್ಚುಗೀಸ ನುನಿಜ್ ಕೂಡ ಈ ಕತೆಯನ್ನು ಕೇಳಿ ಬರೆದಿಟ್ಟಿದ್ದಾನೆ. ಅಂದಿನಿಂದ ಇಂದಿನವರೆಗೆ ಎಲ್ಲರೂ ಹೊಗಳಿದ್ದು ನೆಲವನ್ನು. ಮೊಲದ ಬಗ್ಗೆ ಯಾರೂ ವಿಚಾರಿಸಲಿಲ್ಲ. ಅದು ಗಂಡೋ ಹೆಣ್ಣೋ, ವಯಸ್ಸೆಷ್ಟು, ಬೆದೆಗೆ ಬಂದಿತ್ತೋ ಏನೋ. ಐದಾರು ತಿಂಗಳು ತುಂಬಿದ ಹೆಣ್ಣುಮೊಲವನ್ನು ಮನೆಯಲ್ಲಿ ಸಾಕಿದವರಿಗೆ ಮಾತ್ರ ಈ ಪ್ರಶ್ನೆಗಳು ಹೊಳೆಯುತ್ತವೆ. ಅದರ ಪರಾಕ್ರಮ ನೋಡಲು ಹಂಪಿಗೆ ಹೋಗಬೇಕಾಗಿಲ್ಲ, ಹುಲ್ಲು ಇಡಲು ಗೂಡಿನೊಳಗೆ ಕೈ ಹಾಕಿದರೆ ಸಾಕು.

ನ್ಯಾಯವಾಗಿ ಹೇಳಬೇಕೆಂದರೆ ಹಂಪಿಯ ಮೊಲದ ಕುಲವೇ ಬೇರೆ, ನಮ್ಮ ಮನೆಯ ಪದ್ದುವಿನ ಕುಲವೇ ಬೇರೆ. ನಮ್ಮ ಹೊಲದ ಬದುಗಳಲ್ಲಿ ಓಡಾಡುವ, ಕತ್ತಿನ ಹಿಂದೆ ಕಪ್ಪು ಮಚ್ಚೆಯಿರುವ ಕಾಡುಮೊಲ ಬಿಲ ತೋಡುವುದಿಲ್ಲ. ಅದರ ಮರಿಗಳು ಹುಟ್ಟುವಾಗಲೇ ಮೈತುಂಬ ಕೂದಲು ಹೊತ್ತು ಕಣ್ಣು ಬಿಟ್ಟಿರುತ್ತವೆ. ಅದನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಪೇಟೆಯಲ್ಲಿ ಸಿಗುವ ಬಿಳಿ ಮೊಲದ ತವರು ಸ್ಪೇನ್, ಪೋರ್ಚುಗಲ್ ಕಡೆ. ಅಂದರೆ ಪದ್ದುವಿನ ಪೂರ್ವಿಕರು ನುನಿಜನ ಊರ ಕಡೆಯವರು. ಇವು ಬಿಲ ತೋಡಿ ಗುಂಪಾಗಿ ಬಾಳುವ ಪ್ರಾಣಿಗಳು. ಗುಂಪಾಗಿ ಎಂಬುದನ್ನು ಓದುಗರು ಸ್ವಲ್ಪ ನೆನಪಿಟ್ಟುಕೊಂಡಿರಬೇಕು, ನನಗೆ ಮುಂದೆ ಬೇಕಾಗುತ್ತದೆ.

ಪದ್ದುವನ್ನು ತಂದದ್ದು ನನ್ನ ಮೊಮ್ಮಗಳು. ತಂದವಳು ರಜೆ ಮುಗಿಸಿ ಬೆಂಗಳೂರಿಗೆ ಹೋದಳು, ಪದ್ದು ನಮ್ಮ ಕುವೆಂಪುನಗರದ ಮನೆಯಲ್ಲಿ ಉಳಿಯಿತು. ನಿವೃತ್ತ ಮೇಷ್ಟ್ರುಗಳ ಮನೆಗಳು ಇಂಥದ್ದಕ್ಕೇ ಇರುವುದೆಂದು ಮಕ್ಕಳು ಮೊಮ್ಮಕ್ಕಳೆಲ್ಲ ನಂಬಿದ್ದಾರೆ. ಮರಿಯಾಗಿದ್ದಾಗ ಅದರಷ್ಟು ಸಾಧು ಪ್ರಾಣಿ ಇನ್ನೊಂದಿರಲಿಲ್ಲ. ಗರಿಕೆ ಕೊಟ್ಟರೆ ಗರಿಕೆ, ಕೊತ್ತಂಬರಿ ದಂಟು ಕೊಟ್ಟರೆ ಕೊತ್ತಂಬರಿ ದಂಟು. ಆಮೇಲೆ ಒಂದು ದಿನ ಬೆಳಿಗ್ಗೆ ಪೇಪರ್ ಓದುತ್ತಾ ಕೂತಿದ್ದ ನನ್ನ ಪಾದಗಳ ಸುತ್ತ ಪದ್ದು ಪ್ರದಕ್ಷಿಣೆ ಹಾಕತೊಡಗಿತು. ಗಂಟಲಿನಿಂದ ಏನೋ ಗುಟುರು. ಮೇಷ್ಟ್ರ ಬಗ್ಗೆ ಪ್ರಾಣಿಗೂ ಗೌರವ ಬಂತಲ್ಲ ಎಂದು ನಮ್ಮವಳಿಗೆ ತೋರಿಸಿದೆ. ಅದು ಗೌರವವಲ್ಲ, ಪ್ರಣಯ ಎಂದು ಆಮೇಲೆ ತಿಳಿಯಿತು.

ಅಲ್ಲಿಂದ ಮುಂದೆ ಮನೆಯ ಆಸ್ತಿಯೆಲ್ಲ ಅದರ ಹೆಸರಿಗೆ ವರ್ಗವಾಗುತ್ತ ಹೋಯಿತು. ಮೊಲದ ಗಲ್ಲದ ಕೆಳಗೆ ವಾಸನೆಯ ಗ್ರಂಥಿಯಿದೆ. ಅದನ್ನು ಎಲ್ಲಿ ಉಜ್ಜಿದರೆ ಅದು ತನ್ನದು ಎಂದು ಅದರ ಲೆಕ್ಕ. ಕುರ್ಚಿಯ ಕಾಲು, ನನ್ನ ಚಪ್ಪಲಿ, ಗ್ಯಾಸ್ ಸಿಲಿಂಡರು, ಯಾವುದನ್ನೂ ಬಿಡಲಿಲ್ಲ. ಗಲ್ಲದ ಮುದ್ರೆ ಸಾಲದು ಎನಿಸಿದ ಕಡೆ ಉಚ್ಚೆಯ ಮುದ್ರೆ. ಅದೂ ದೇವರಮನೆಯ ಹೊಸಿಲ ಮುಂದಿನ ಮ್ಯಾಟಿನ ಮೇಲೆ. ಗೂಡಿಗೆ ಕೈ ಹಾಕಿದರೆ ಎರಡು ಮುಂಗಾಲೆತ್ತಿ ಬಾಕ್ಸಿಂಗು. ನಮ್ಮವಳು ಕೈಗೆ ಇಡ್ಲಿ ಬಟ್ಟೆ ಸುತ್ತಿಕೊಂಡು ಹುಲ್ಲು ಹಾಕುವ ಸ್ಥಿತಿ ಬಂತು.

ಇಷ್ಟರ ಮೇಲೆ ಬಸುರು. ಪದ್ದು ತನ್ನ ಎದೆಯ, ಗಂಟಲ ಕೆಳಗಿನ ಕೂದಲನ್ನು ಕಿತ್ತು ಕಿತ್ತು, ಬಾಯ್ತುಂಬ ಒಣಹುಲ್ಲು ಕಚ್ಚಿಕೊಂಡು ಮೂಲೆಯಲ್ಲಿ ಮೆತ್ತನೆಯ ಗೂಡು ಕಟ್ಟಿತು. ಇಬ್ಬರು ಮಕ್ಕಳ, ಮೂವರು ಮೊಮ್ಮಕ್ಕಳ ಬಾಣಂತನ ಕಂಡ ನಮ್ಮವಳಿಗೆ ಇದರಲ್ಲಿ ಅನುಮಾನವೇ ಇರಲಿಲ್ಲ. "ದಿನ ತುಂಬಿದೆ ಕಣ್ರೀ" ಎಂದಳು. "ಮನೇಲಿ ಗಂಡು ಮೊಲಾನೇ ಇಲ್ವಲ್ಲೇ" ಎಂದೆ. "ಅದೆಲ್ಲ ನಿಮಗೇನು ಗೊತ್ತಾಗುತ್ತೆ, ಗಣಿತದವರಿಗೆ" ಎಂದು ಹಳೆಯ ಕಾಟನ್ ಸೀರೆ ಹರಿದು ಹಾಸಿಗೆ ಮಾಡಿಕೊಟ್ಟಳು. ಎರಡು ವಾರ ಚಿಲ್ಲರೆ ಕಾದರೂ ಮರಿ ಬರಲಿಲ್ಲ. ಪದ್ದು ಏನೂ ಆಗದವರ ಗತ್ತಿನಲ್ಲಿ ಸೀರೆಯ ತುಂಡು ತಿನ್ನುತ್ತ ಕೂತಿತ್ತು.

ಪ್ರಾಣಿಗಳ ಡಾಕ್ಟರು ಒಬ್ಬ ಚಿಕ್ಕ ವಯಸ್ಸಿನ ಹುಡುಗಿ. ನಾಯಿ ಬೆಕ್ಕುಗಳ ಸಾಲಿನಲ್ಲಿ ನಾವು ಪ್ಲಾಸ್ಟಿಕ್ ಬುಟ್ಟಿ ಹಿಡಿದು ಕೂತದ್ದನ್ನು ನೋಡಿ ಅವಳೇ ಒಳಗೆ ಕರೆದಳು. ನಾಯಿ ವಾಸನೆಗೆ ಮೊಲ ಕಂಗಾಲಾಗುತ್ತದಂತೆ. ಇದು ಸುಳ್ಳು ಗಬ್ಬ ಎಂದು ನಮ್ಮವಳಿಗೆ ಬಿಡಿಸಿ ಹೇಳಿದಳು. ಹಸು ಎಮ್ಮೆಗಳ ಹಾಗೆ ಮೊಲಕ್ಕೆ ದಿನ ಲೆಕ್ಕದ ಬೆದೆಯ ಚಕ್ರವಿಲ್ಲ. ಕೂಡಿದ ಮೇಲೆ ಸುಮಾರು ಹತ್ತು ಗಂಟೆಗೆ ಅಂಡ ಬಿಡುಗಡೆಯಾಗುತ್ತದೆ. ಕೆಲವು ಸಲ ಗಂಡಿನ ಸಹವಾಸವೇ ಇಲ್ಲದೆ, ಇನ್ನೊಂದು ಹೆಣ್ಣು ಬೆನ್ನೇರಿದ್ದಕ್ಕೂ ದೇಹ ಮೋಸಹೋಗಿ ಹದಿನಾರು ಹದಿನೆಂಟು ದಿನ ಬಸುರಿಯ ಆಟ ಆಡುತ್ತದೆ. ನಿಜವಾದ ಗಬ್ಬವಾದರೆ ಒಂದು ತಿಂಗಳು. ಈದ ದಿನವೇ ಮತ್ತೆ ಗಬ್ಬ ಕಟ್ಟಬಲ್ಲ ಪ್ರಾಣಿ ಇದು. ಡಾಕ್ಟರು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದಳು: ಗರ್ಭಕೋಶದ ಕವಲುಗಳೆರಡೂ ಬೇರೆ ಬೇರೆ, ಎರಡಕ್ಕೂ ಸ್ವಂತ ಬಾಯಿ. ಸಂತಾನದ ವಿಷಯದಲ್ಲಿ ಪ್ರಕೃತಿ ಸ್ಪೇರ್ ಪಾರ್ಟ್ ಸಮೇತ ಕಳಿಸಿದೆ.

ಇಲ್ಲಿ ನನ್ನ ಹಳೆಯ ವೃತ್ತಿಯ ನೆನಪಾಗದೆ ಇರಲಿಲ್ಲ. 1202ರಲ್ಲಿ ಇಟಲಿಯ ಫಿಬೊನಾಚಿ ತನ್ನ ಗಣಿತದ ಪುಸ್ತಕದಲ್ಲಿ ಒಂದು ಜೋಡಿ ಮೊಲದ ಲೆಕ್ಕ ಕೊಟ್ಟ. ತಿಂಗಳಿಗೆ ಒಂದು ಜೋಡಿ ಮರಿ, ಆ ಮರಿಗಳಿಗೆ ಒಂದು ತಿಂಗಳು ಕಳೆದ ಮೇಲೆ ಮರಿ, ಹೀಗೆ ವರ್ಷ ಮುಗಿಯುವಾಗ 377 ಜೋಡಿ. ಇದೇ ಸಂಖ್ಯೆಗಳ ಸರಣಿಯನ್ನು ಗುಜರಾತಿನ ಜೈನ ಪಂಡಿತ ಹೇಮಚಂದ್ರ ಅವನಿಗಿಂತ ಅರ್ಧ ಶತಮಾನ ಮೊದಲೇ ಮಾತ್ರಾಗಣಗಳಲ್ಲಿ ಲಘು ಗುರುಗಳನ್ನು ಎಷ್ಟು ಬಗೆಯಲ್ಲಿ ಜೋಡಿಸಬಹುದು ಎಂದು ಎಣಿಸುತ್ತ ಹೇಳಿದ್ದ. ನಮ್ಮವರು ಛಂದಸ್ಸಿನಲ್ಲಿ ಕಂಡದ್ದನ್ನು ಅವರು ಮೊಲದಲ್ಲಿ ಕಂಡರು. ಮೊಲ ಸಾಕಿದ ಮೇಲೆ ನನಗನ್ನಿಸುವುದೇನೆಂದರೆ, ಛಂದಸ್ಸು ಕಡಿಮೆ ಖರ್ಚಿನದು. ಫಿಬೊನಾಚಿ ಸಂಕೋಚದ ಮನುಷ್ಯನೂ ಹೌದು. ಸೂಲಿಗೆ ಎರಡೇ ಮರಿ ಹಿಡಿದಿದ್ದಾನೆ, ನಿಜವಾದ ಮೊಲ ಐದಾರಕ್ಕೆ ಕಡಿಮೆ ಮಾತಾಡುವುದಿಲ್ಲ. 1859ರಲ್ಲಿ ಥಾಮಸ್ ಆಸ್ಟಿನ್ ಎಂಬ ಜಮೀನ್ದಾರ ಬೇಟೆಯ ಶೋಕಿಗೆಂದು ಇಂಗ್ಲೆಂಡಿನಿಂದ ಎರಡು ಡಜನ್ ಮೊಲ ತರಿಸಿ ಆಸ್ಟ್ರೇಲಿಯಾದಲ್ಲಿ ಬಿಟ್ಟ. ಅವುಗಳ ಸಂತತಿಯನ್ನು ತಡೆಯಲು ಮುಂದಿನ ಶತಮಾನದ ಆರಂಭದಲ್ಲಿ ಅಲ್ಲಿನ ಸರ್ಕಾರ ಸಾವಿರಾರು ಕಿಲೋಮೀಟರ್ ಬೇಲಿ ಹಾಕಬೇಕಾಯಿತು. ಮೊಲಗಳು ಬೇಲಿಯನ್ನು ದಾಟಿದವು.

ಡಾಕ್ಟರು ಆಪರೇಷನ್ ಮಾಡಿಸಿ ಎಂದಳು. ಮರಿಗಳ ಭಯಕ್ಕಲ್ಲ, ಒಂಟಿ ಹೆಣ್ಣಿಗೆ ಅದರ ಭಯವೇ ಇಲ್ಲ. ಆಪರೇಷನ್ ಮಾಡಿಸದ ಹೆಣ್ಣುಮೊಲಗಳಿಗೆ ವಯಸ್ಸಾದಂತೆ ಗರ್ಭಕೋಶದ ಕ್ಯಾನ್ಸರ್ ಬರುವುದು ತೀರ ಸಾಮಾನ್ಯ. ಕೆಲವು ತಳಿಗಳಲ್ಲಿ ನಾಲ್ಕು ವರ್ಷ ದಾಟಿದವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮೊಲಗಳಲ್ಲಿ ಅದನ್ನು ಕಂಡವರಿದ್ದಾರೆ. ಎಲ್ಲ ತಳಿಗಳಿಗೂ ಅದೇ ಲೆಕ್ಕ ಅಲ್ಲ ಎಂದೂ ಅವಳೇ ಸೇರಿಸಿದಳು. ಅಪಾಯವನ್ನೂ ಮುಚ್ಚಿಡಲಿಲ್ಲ. ಬ್ರಿಟನ್ನಿನಲ್ಲಿ ನಡೆದ, 2008ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರ ಪ್ರಕಾರ ಅರಿವಳಿಕೆ ಕೊಟ್ಟ ನಾಯಿಗಳಲ್ಲಿ ಸತ್ತದ್ದು ನೂರಕ್ಕೆ 0.17, ಬೆಕ್ಕು 0.24, ಮೊಲ 1.39. ಆರೋಗ್ಯವಂತ ಮೊಲಗಳನ್ನಷ್ಟೇ ತೆಗೆದುಕೊಂಡರೆ ಇದರ ಅರ್ಧದಷ್ಟು. ಶೇಕಡಾವಾರು ಲೆಕ್ಕವನ್ನು ಬದುಕಿಡೀ ಕಲಿಸಿದ ನನಗೆ ಒಂದೂವರೆಯ ಹತ್ತಿರದ ಆ ಅಂಕಿ ಅಷ್ಟು ದೊಡ್ಡದಾಗಿ ಎಂದೂ ಕಂಡಿರಲಿಲ್ಲ. ಬುಟ್ಟಿಯಲ್ಲಿ ಕೂತಿದ್ದದ್ದು ಒಂದೇ ಮೊಲ. ಅದರಲ್ಲಿ ನೂರಕ್ಕೆ ಇಷ್ಟು ಎಂದು ಭಾಗ ಮಾಡಲು ಬರುವುದಿಲ್ಲ.

ಆಮೇಲೆ ಅವಳು ಹೇಳಿದ ಮಾತಿಗೆ ನಮ್ಮವಳು ಬೆಚ್ಚಿಬಿದ್ದಳು. "ಆಪರೇಷನ್ ದಿನ ಬೆಳಿಗ್ಗೆವರೆಗೂ ಹುಲ್ಲು ತಿನ್ನಿಸಿ ಆಂಟಿ. ಉಪವಾಸ ಮಾತ್ರ ಬೇಡ." ನಮ್ಮ ಮನೆತನದಲ್ಲಿ ಹಲ್ಲು ಕೀಳಿಸಲೂ ಖಾಲಿ ಹೊಟ್ಟೆಯಲ್ಲಿ ಹೋಗುವುದು ರೂಢಿ. ಆದರೆ ಮೊಲಕ್ಕೆ ವಾಂತಿ ಮಾಡುವ ಶಕ್ತಿಯೇ ಇಲ್ಲ. ಹಾಗಾಗಿ ಹೊಟ್ಟೆ ಖಾಲಿ ಇರಬೇಕೆಂಬ ನಿಯಮ ಅದಕ್ಕೆ ಲಾಗೂ ಆಗುವುದಿಲ್ಲ. ಅದರ ಕರುಳು ನಿಲ್ಲದೆ ನಡೆಯುತ್ತಿರಬೇಕು. ಒಂದು ಹೊತ್ತು ಹುಲ್ಲು ಬಿಟ್ಟರೂ ಕರುಳು ಮುಷ್ಕರ ಹೂಡುತ್ತದೆ, ಆ ಮುಷ್ಕರದಲ್ಲೇ ಪ್ರಾಣ ಹೋಗಬಹುದು. ಆಪರೇಷನ್ ಆದ ಮೇಲೂ ಡಾಕ್ಟರು ಕೇಳುವ ಮೊದಲ ಪ್ರಶ್ನೆ ಗಾಯದ್ದಲ್ಲ, ಹಿಕ್ಕೆ ಹಾಕಿತೇ ಎಂಬುದು. ಏಕಾದಶಿ ತಪ್ಪಿಸದ ಮನೆಯಲ್ಲಿ ಇಂಥದೊಂದು ಜೀವ.

ಸುದ್ದಿ ನೆಂಟರಿಗೆ ಹಬ್ಬಿದ್ದು ನನ್ನ ಭಾವಮೈದನ ಮೂಲಕ. ನಮ್ಮವಳು ಫೋನಿನಲ್ಲಿ ಗದ್ಗದಳಾಗಿ "ಪದ್ದುಗೆ ಗರ್ಭಕೋಶ ತೆಗೆಸಬೇಕಂತೆ ಕಣೋ" ಎಂದಿದ್ದಾಳೆ. ಅವರ ಹಾಸನದ ಚಿಕ್ಕಮ್ಮನ ಹೆಸರೂ ಪದ್ದು. ವಯಸ್ಸು ಎಂಬತ್ತು ದಾಟಿದೆ. ಸಂಜೆಯೊಳಗೆ ಚಿಕ್ಕಮ್ಮನ ಮನೆಗೆ ಸೇಬು, ಮೂಸಂಬಿ, ಹಾರ್ಲಿಕ್ಸ್ ಸಮೇತ ಜನ ಬಂದರು. ಚಿಕ್ಕಮ್ಮ ಎಲ್ಲರಿಗೂ ಕಾಫಿ ಕೊಟ್ಟು, ಹಣ್ಣು ತೆಗೆದಿಟ್ಟುಕೊಂಡು, ಆಮೇಲೆ ನಮಗೆ ಫೋನ್ ಮಾಡಿ "ಯಾವಾಗಲೋ ತೆಗೆಸಿ ಆಯ್ತಲ್ಲೇ, ಮತ್ತೆ ಎಲ್ಲಿಂದ ತರಲಿ?" ಎಂದು ಕೇಳಿದರು.

ಮೊಲಕ್ಕೆ ಎಂದು ಗೊತ್ತಾದ ಮೇಲೆ ಭಾವಮೈದ ವರಸೆ ಬದಲಿಸಿದ. ಅವನದು ಯಾವಾಗಲೂ ಮೂರೇ ಕಾಲಿನ ಮೊಲ, ನಾಲ್ಕನೆಯದನ್ನು ಎಣಿಸಿ ತೋರಿಸಿದರೂ ಒಪ್ಪುವವನಲ್ಲ. "ಪಾಪ, ಮೂಕಪ್ರಾಣಿಗೆ ತಾಯ್ತನದ ಸುಖ ತಪ್ಪಿಸ್ತೀರಲ್ಲ ಭಾವ" ಎಂದ. ಈ ಮಾತು ನನ್ನನ್ನು ಸ್ವಲ್ಪ ಕಾಡಿತು. ಆದರೆ ಮೊಲದ ತಾಯ್ತನವನ್ನು ಓದಿ ನೋಡಿದರೆ ಅದು ನಮ್ಮ ಸಿನಿಮಾದ ತಾಯ್ತನವಲ್ಲ. ತಾಯಿಮೊಲ ಸಾಮಾನ್ಯವಾಗಿ ದಿನಕ್ಕೊಮ್ಮೆ ಬಂದು ಮೂರು ನಾಲ್ಕು ನಿಮಿಷ ಹಾಲೂಡಿಸಿ, ಗೂಡಿನ ಬಾಯಿ ಮುಚ್ಚಿ ಹೊರಟುಬಿಡುತ್ತದೆ. ಹೊರಗೆ ಉರುಳಿದ ಮರಿಯನ್ನು ಕಚ್ಚಿ ತಂದು ಒಳಗೆ ಸೇರಿಸುವುದೂ ಇಲ್ಲ. ನಿರ್ದಯೆಯಲ್ಲ ಅದು, ತಾನು ಹೆಚ್ಚು ಹೊತ್ತು ಅಲ್ಲಿದ್ದರೆ ನರಿ ಬಂದೀತು ಎಂಬ ಜಾಣತನ. ತಾಯ್ತನ ಇಲ್ಲದ್ದಕ್ಕೆ ಮೊಲ ಕೊರಗುತ್ತದೆ ಎನ್ನುವ ಕೊರಗು ನಮ್ಮದು.

ಹಾಗೆಂದು ಇನ್ನೊಂದು ಬದಿಯವರ ಮಾತನ್ನೂ ನಾನು ಪೂರ್ತಿ ಒಪ್ಪುವವನಲ್ಲ. ಆಪರೇಷನ್ ಮಾಡಿಸಿದರೆ ಮೊಲ ಸುಖವಾಗಿರುತ್ತದೆ ಎಂದು ಅವರು ಹೇಳುವಾಗ ನನಗೆ ನಂಜನಗೂಡಿನ ಕಡೆಯ ನಮ್ಮ ಹಳ್ಳಿಯ ಹೋರಿಗಳು ನೆನಪಾಗುತ್ತವೆ. ಬೀಜ ಒಡೆಸಿದ ಮೇಲೆ ಹೋರಿ ಎತ್ತಾಗಿ ನೇಗಿಲಿಗೆ ಬರುತ್ತಿತ್ತು. ಎತ್ತಿನ ಸುಖಕ್ಕಾಗಿ ಹಾಗೆ ಮಾಡಿಸಿದೆವು ಎಂದು ನಮ್ಮ ತಾತ ಎಂದೂ ಹೇಳಲಿಲ್ಲ. ಉಳುವುದಕ್ಕೆ ಮಾಡಿಸಿದೆ ಎಂದರು, ಅಷ್ಟೇ. ಮನುಷ್ಯರ ವಿಷಯದಲ್ಲಿ ಸರ್ಕಾರಗಳೂ ಸುಖದ ಮಾತಾಡುತ್ತಿದ್ದವು. 1930ರಷ್ಟು ಹಿಂದೆಯೇ ನಮ್ಮ ಮೈಸೂರು ಸರ್ಕಾರ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆಯಲು ಆದೇಶ ಮಾಡಿ ದೊಡ್ಡ ದೊಡ್ಡ ದೇಶಗಳನ್ನು ಹಿಂದೆ ಹಾಕಿತ್ತು. ಮುಂದೆ ಕುಟುಂಬ ಯೋಜನೆಯ ಕೆಂಪು ತ್ರಿಕೋನ ಬಂತು, ಬಸ್ ನಿಲ್ದಾಣದ ಗೋಡೆಗಳ ಮೇಲೆ ಅಪ್ಪ ಅಮ್ಮ ಎರಡು ಮಕ್ಕಳು ನಗುತ್ತ ನಿಂತರು. ಆ ಚಿತ್ರದ ನಗುವಿಗೂ ಆಪರೇಷನ್ನಿಗೂ ನೇರ ಸಂಬಂಧ ಉಂಟೇ ಎಂದು ಯಾರೂ ಕೇಳುತ್ತಿರಲಿಲ್ಲ. ಮೊಲದ ಕತೆಯೂ ಅಂಥದ್ದೇ. ಅದನ್ನು ಮನೆಯೊಳಗೆ ಬಿಟ್ಟು ಸಂಸಾರದ ಒಬ್ಬ ಸದಸ್ಯನಾಗಿ ಸಾಕಬಹುದು ಎಂಬ ವಿಚಾರ ಅಮೆರಿಕದಲ್ಲಿ 1980ರ ದಶಕದಲ್ಲಿ ಬೆಳೆದದ್ದು. ಮ್ಯಾರಿನೆಲ್ ಹ್ಯಾರಿಮನ್ ಅವರ ಕೈಪಿಡಿ ಬಂದದ್ದು 1985ರಲ್ಲಿ, ಹೌಸ್ ರ‍್ಯಾಬಿಟ್ ಸೊಸೈಟಿ ಹುಟ್ಟಿದ್ದು 1988ರಲ್ಲಿ. ಮನೆಯೊಳಗೆ ಬಂದ ಮೊಲಕ್ಕೆ ಮನೆಯ ಶಿಸ್ತು ಬೇಕಾಯಿತು, ಶಿಸ್ತಿಗೆ ಆಪರೇಷನ್ ಬೇಕಾಯಿತು. ದೇವರಮನೆಯ ಮ್ಯಾಟು ಒಣಗಿರಲಿ ಎಂಬುದು ಮೊಲದ ಬೇಡಿಕೆಯಲ್ಲ.

ಆಪರೇಷನ್ ಆಯಿತು. ಪದ್ದು ಎಚ್ಚರವಾಗಿ ಗರಿಕೆಯ ಒಂದು ಎಳೆಯನ್ನು ಎಳೆದುಕೊಂಡಾಗ ನಮ್ಮವಳು ಅಲ್ಲೇ ನಂಜುಂಡೇಶ್ವರನಿಗೆ ಹರಕೆ ಹೇಳಿಕೊಂಡಳು. ಹೊಲಿಗೆ ಒಣಗಿತು. ಆದರೆ ಸ್ವಭಾವ ಮರುದಿನವೇ ಬದಲಾಗಲಿಲ್ಲ. ರಕ್ತದಲ್ಲಿರುವ ಹಾರ್ಮೋನು ಇಳಿಯಲು ವಾರಗಳೇ ಬೇಕು. ಮೊದಲು ನಿಂತದ್ದು ನನ್ನ ಪಾದಗಳ ಪ್ರದಕ್ಷಿಣೆ. ಸ್ವಲ್ಪ ಬೇಸರವೂ ಆಯಿತು ಎನ್ನಬೇಕು, ಈ ವಯಸ್ಸಿನಲ್ಲಿ ಸುತ್ತುವವರು ಯಾರಿದ್ದಾರೆ. ಆಮೇಲೆ ಬಾಕ್ಸಿಂಗು ಕಡಿಮೆಯಾಯಿತು, ಸುಳ್ಳು ಬಾಣಂತನ ಮತ್ತೆ ಬರಲಿಲ್ಲ. ಉಚ್ಚೆ ಒಂದೇ ಮೂಲೆಯ ತಟ್ಟೆಗೆ ಸೀಮಿತವಾಯಿತು. ಆ ತಟ್ಟೆಯ ಪಕ್ಕದಲ್ಲೇ ಹುಲ್ಲು ಇಡಬೇಕು, ಏಕೆಂದರೆ ಮೊಲ ಒಂದು ಕಡೆ ತಿನ್ನುತ್ತಲೇ ಇನ್ನೊಂದು ಕಡೆ ಹಿಕ್ಕೆ ಹಾಕುವ ಪ್ರಾಣಿ. ಸಮಯದ ಸದುಪಯೋಗದ ಬಗ್ಗೆ ಮಕ್ಕಳಿಗೆ ಪ್ರಬಂಧ ಬರೆಸುತ್ತಿದ್ದ ಕಾಲದಲ್ಲಿ ಈ ಉದಾಹರಣೆ ನನಗೆ ಸಿಕ್ಕಿರಲಿಲ್ಲ. ಬದಲಾಗದೆ ಉಳಿದವೂ ಉಂಟು. ಕುಕ್ಕರ್ ಕೂಗಿದರೆ ಹಿಂಗಾಲನ್ನು ನೆಲಕ್ಕೆ ಬಡಿದು ಊರಿಗೆಲ್ಲ ಅಪಾಯದ ಸೂಚನೆ ಕೊಡುವುದು, ಎತ್ತಿಕೊಂಡರೆ ಒದೆಯುವುದು, ಮೂಲೆ ಕೆರೆಯುವುದು, ಎಲ್ಲಕ್ಕಿಂತ ಮುಖ್ಯವಾಗಿ ಮೊಬೈಲ್ ಚಾರ್ಜರಿನ ವೈರು ಕತ್ತರಿಸುವುದು. ಹಲ್ಲು ಜೀವಮಾನವಿಡೀ ಬೆಳೆಯುತ್ತದೆ, ಏನನ್ನಾದರೂ ಕಡಿಯಲೇಬೇಕು. "ಸ್ವಭಾವ ಹೋಗಲ್ಲ ಸರ್, ಚಡಪಡಿಕೆ ಹೋಗುತ್ತೆ" ಎಂದಳು ಡಾಕ್ಟರು.

ಚಡಪಡಿಕೆ ಹೋದದ್ದು ನಿಜ. ಸುಖ ಬಂತೇ? ಮೊಲದ ಸುಖಕ್ಕೂ ಗುರುತುಗಳಿವೆ. ಹರುಷ ತಡೆಯಲಾರದೆ ಗಾಳಿಯಲ್ಲಿ ಎಗರಿ ಮೈಯನ್ನು ಒಂದು ಕಡೆಗೂ ತಲೆಯನ್ನು ಇನ್ನೊಂದು ಕಡೆಗೂ ತಿರುಚುವುದು, ದೊಪ್ಪನೆ ಪಕ್ಕಕ್ಕೆ ಬಿದ್ದು ಕಾಲು ಚಾಚುವುದು, ತಲೆ ಸವರಿದಾಗ ಹಲ್ಲನ್ನು ಮೆಲ್ಲಗೆ ಕಟಕಟಿಸುವುದು. ಇವನ್ನೆಲ್ಲ ಪದ್ದು ಮುಂಚೆಯೂ ಮಾಡುತ್ತಿತ್ತು. ಈಗ ಮಾತ್ರ ಗೂಡಿನ ಮೂಲೆಯಲ್ಲಿ ಗಂಟೆಗಟ್ಟಲೆ ಸುಮ್ಮನೆ ಕೂತಿರುತ್ತಿತ್ತು. ಬಂದವರೆಲ್ಲ "ಎಷ್ಟು ಶಾಂತವಾಗಿದೆ" ಎಂದರು. ನನಗೆ ಆ ಹೊಗಳಿಕೆ ಹಿಡಿಸಲಿಲ್ಲ. ಹದ್ದು ನರಿಗಳ ಕಣ್ಣಿಗೆ ಬೀಳಬಾರದ ಪ್ರಾಣಿಯಾದ್ದರಿಂದ ಮೊಲ ನೋವನ್ನೂ ಬೇಸರವನ್ನೂ ಸದ್ದಿಲ್ಲದೆ ಅನುಭವಿಸುತ್ತದೆ. ಅದರ ಮೌನವನ್ನು ಸುಖವೆಂದು ಓದಿಕೊಳ್ಳುವುದು ಮನೆಯವರಿಗೆ ಅನುಕೂಲ. ಸಪ್ಪಗೆ ಕೂತ ಮೊಲ, ಸಪ್ಪಗೆ ಕೂತ ವಿದ್ಯಾರ್ಥಿ, ಇಬ್ಬರಿಗೂ ಒಳ್ಳೆಯವರೆಂದು ಸರ್ಟಿಫಿಕೇಟ್ ಕೊಟ್ಟುಬಿಡುತ್ತೇವೆ.

ಅದಕ್ಕೆ ಬೇಕಾದದ್ದು ಇನ್ನೊಂದು ಮೊಲ. ಗುಂಪುಜೀವಿ ಎಂದು ಆಗಲೇ ಹೇಳಿದ್ದೆ. ಆಪರೇಷನ್ ಆಗದ ಎರಡು ಮೊಲಗಳನ್ನು ಒಟ್ಟಿಗೆ ಬಿಟ್ಟರೆ ಒಂದೋ ಫಿಬೊನಾಚಿ, ಇಲ್ಲವೋ ಕುರುಕ್ಷೇತ್ರ. ಇಬ್ಬರಿಗೂ ಆಪರೇಷನ್ ಆಗಿದ್ದರೆ ಮಾತ್ರ ಸ್ನೇಹದ ಆಸೆ ಇಟ್ಟುಕೊಳ್ಳಬಹುದು, ಅದರಲ್ಲೂ ಒಂದು ಗಂಡು ಒಂದು ಹೆಣ್ಣಾದರೆ ಹೊಂದಿಕೆ ಸುಲಭ. ಹೀಗೆ ಶಂಭು ಬಂದ. ಡಾಕ್ಟರಿಗೆ ಗೊತ್ತಿದ್ದವರ ಮನೆಯಲ್ಲಿ ಹೆಣ್ಣೆಂದು ಕೊಂಡುತಂದು ಸಾವಿತ್ರಿ ಎಂಬ ಹೆಸರಿನಲ್ಲಿ ಬೆಳೆದ ಗಂಡು. ಗಂಡುಮೊಲಕ್ಕೆ ಬೀಜಗಳನ್ನು ಬೇಕೆಂದಾಗ ಹೊಟ್ಟೆಯೊಳಗೆ ಎಳೆದುಕೊಳ್ಳುವ ವಿದ್ಯೆ ಗೊತ್ತು, ಅಂಗಡಿಯವರೂ ಮೋಸಹೋಗುತ್ತಾರೆ. ಆಪರೇಷನ್ ಆದ ಮೇಲೂ ನಾಲ್ಕರಿಂದ ಆರು ವಾರ ಅವನನ್ನು ನಂಬುವಂತಿಲ್ಲ, ಹಳೆಯ ದಾಸ್ತಾನು ಉಳಿದಿರುತ್ತದೆ.

ಪರಿಚಯ ಮಾಡಿಸುವ ಶಾಸ್ತ್ರ ನಮ್ಮ ಹೆಣ್ಣು ನೋಡುವ ಶಾಸ್ತ್ರಕ್ಕೆ ತದ್ವಿರುದ್ಧ. ಗಂಡನ್ನು ಹೆಣ್ಣಿನ ಮನೆಗೆ ಕರೆತಂದರೆ ಹೆಣ್ಣು ಅವನ ಕಿವಿ ಹರಿದುಹಾಕುತ್ತದೆ. ಇಬ್ಬರಿಗೂ ಸಂಬಂಧವಿಲ್ಲದ ಜಾಗ ಬೇಕು. ನಮ್ಮ ಮನೆಯಲ್ಲಿ ಪದ್ದುವಿನ ಗಲ್ಲ ತಾಗದ ಜಾಗವೆಂದರೆ ಮಹಡಿಯ ಮೇಲಿನ ಬಾತ್‌ರೂಮು ಒಂದೇ. ಅಲ್ಲಿ ನಾನೊಂದು ಕಡೆ, ನಮ್ಮವಳೊಂದು ಕಡೆ ಸ್ಟೂಲ್ ಹಾಕಿಕೊಂಡು ಎರಡೂ ಕಡೆಯ ಬೀಗರಾಗಿ ಕೂತೆವು. ಮೊದಲ ಭೇಟಿಯಲ್ಲಿ ಕೂದಲು ಹಾರಿತು. ಮುಂದಿನ ಭೇಟಿಗಳಲ್ಲಿ ಶಂಭು ಪದ್ದುವಿನ ಬೆನ್ನೇರಲು ನೋಡಿದ, ಪದ್ದು ಶಂಭುವಿನ ಬೆನ್ನೇರಿದಳು. ನಮ್ಮವಳು ಮುಖ ಆಚೆ ತಿರುಗಿಸಿದಳು. ಇದು ಬೆದೆಯಲ್ಲ, ಮನೆಯ ಯಜಮಾನಿಕೆ ಯಾರದು ಎಂಬ ತೀರ್ಮಾನ ಎಂದು ಡಾಕ್ಟರು ಫೋನಿನಲ್ಲೇ ಸಮಾಧಾನ ಹೇಳಿದಳು. ತೀರ್ಮಾನಕ್ಕೆ ವಾರಗಳು ಹಿಡಿದವು. ಯಜಮಾನಿಕೆ ಪದ್ದುವಿನದೇ ಎಂದಾಯಿತು. ಈಗ ಅವಳು ಅವನ ಮುಂದೆ ಬಂದು ತಲೆ ತಗ್ಗಿಸುತ್ತಾಳೆ. ನೋಡಿದವರು ವಿನಯ ಎಂದುಕೊಳ್ಳಬೇಕು, ಅದು ಹಣೆ ನೆಕ್ಕು ಎಂಬ ಅಪ್ಪಣೆ. ಅವನು ನೆಕ್ಕುತ್ತಾನೆ. ನೆಕ್ಕಿ ಮುಗಿದ ಮೇಲೆ ಅವನೂ ತಲೆ ತಗ್ಗಿಸಿ ಕಾಯುತ್ತಾನೆ. ಮನಸ್ಸಾದರೆ ಅವಳೂ ನಾಲ್ಕು ಸಲ ನೆಕ್ಕುತ್ತಾಳೆ.

ಮೂಲೆಯಲ್ಲಿ ಸುಮ್ಮನೆ ಕೂರುವುದು ನಿಂತಿದೆ. ಹಾಲಿನ ಉದ್ದಕ್ಕೂ ಇಬ್ಬರೂ ಓಡಿ, ಎಗರಿ, ಸೋಫಾದ ಕೆಳಗೆ ಮೈಗೆ ಮೈ ಒತ್ತಿ ಬೀಳುತ್ತಾರೆ. ಇದನ್ನು ಕೊಟ್ಟದ್ದು ಕತ್ತಿಯೇ ಎಂದು ಡಾಕ್ಟರು ಹೇಳಿದರೆ ನಾನು ಒಪ್ಪುವುದಿಲ್ಲ, ಕತ್ತಿ ಇಲ್ಲದೆ ಆಗುತ್ತಿತ್ತು ಎಂದು ಭಾವಮೈದ ಹೇಳಿದರೂ ಒಪ್ಪುವುದಿಲ್ಲ. ಭಾವಮೈದನಿಗೆ ಇದನ್ನು ವಿವರಿಸಲು ಹೋಗಿ ಎರಡು ಸಲ ಕಾಫಿ ಆರಿಸಿಕೊಂಡಿದ್ದೇನೆ.

ಒಗ್ಗಟ್ಟಿನ ದುಷ್ಪರಿಣಾಮವೂ ಉಂಟು. ಮೊದಲು ವೈರುಗಳಿಗೆ ಒಂದು ಕಡೆಯಿಂದ ಮಾತ್ರ ಅಪಾಯವಿತ್ತು. ಕಳೆದ ವಾರ ಟಿ.ವಿ., ವೈಫೈ ಎರಡೂ ಒಟ್ಟಿಗೆ ಹೋದವು. ಎಲೆಕ್ಟ್ರಿಷಿಯನ್ ಬಂದ. ತುಂಡಾದ ವೈರನ್ನು ಎತ್ತಿ ನೋಡಿ, ಸೋಫಾದ ಕೆಳಗಿನ ಜೋಡಿಯನ್ನೂ ಬಗ್ಗಿ ನೋಡಿ, "ಮರಿ ಹಾಕಿದ್ರೆ ನನಗೊಂದು ಕೊಡಿ ಸಾರ್, ಮಗಳಿಗೆ" ಎಂದ.

"ಹಾಕಲ್ಲಪ್ಪ. ಇಬ್ಬರಿಗೂ ಆಪರೇಷನ್ ಆಗಿದೆ."

ಅವನು ಟೆಸ್ಟರನ್ನು ಜೇಬಿಗೆ ಸಿಕ್ಕಿಸಿಕೊಂಡು ಸ್ವಲ್ಪ ಹೊತ್ತು ಯೋಚಿಸಿದ. "ಮತ್ತೆ ಜೋಡಿ ಯಾಕೆ ಮಾಡಿದ್ರಿ ಸಾರ್? ಏನುಪಯೋಗ?"

ನಾನು ಹಾರ್ಮೋನಿನಿಂದ ಶುರುಮಾಡಬೇಕೋ ಸ್ಪೇನಿನಿಂದ ಶುರುಮಾಡಬೇಕೋ ಎಂದು ನೋಡುತ್ತಿದ್ದೆ. ಅಷ್ಟರಲ್ಲಿ ನಮ್ಮವಳು ಅಡುಗೆಮನೆಯಿಂದ ಬಂದಳು. "ನಮಗೂ ಮರಿ ಆಗೋ ಕಾಲ ಮುಗಿದು ಯಾವ ಕಾಲ ಆಯ್ತು. ನಾವಿಬ್ರೂ ಒಟ್ಟಿಗಿಲ್ವೇನಪ್ಪ? ಅದಿರಲಿ, ನೀನು ಮೊದಲು ಆ ಪ್ಲಗ್ ಪಾಯಿಂಟನ್ನ ಎರಡಡಿ ಮೇಲಕ್ಕೆ ಹಾಕಿಕೊಡು."